ಬೋರ್‌ವೆಲ್ ಕಂಟ್ರೋಲರಿಗೆ ಲಿನಕ್ಸ್ ಡ್ರೈವರ್: ಡೆವ್‌ಎಂ ಫಂಕ್ಷನ್‌ಗಳನ್ನು ಯಾವ ಸಾಲಿನಲ್ಲಿ ಕರೆಯಬೇಕು

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಸಾವಿರ ಅಡಿ ದಾಟಿದ ಬೋರ್‌ವೆಲ್ ಹೊಸ ಸಂಗತಿಯೇನಲ್ಲ. ಅಷ್ಟು ಆಳಕ್ಕೆ ಇಳಿಸಿದ ಮೋಟರು ನೀರಿಲ್ಲದೆ ಓಡಿದರೆ ವೈಂಡಿಂಗ್ ಸುಟ್ಟುಹೋಗುತ್ತದೆ. ಆಮೇಲೆ ಪೈಪು, ಕೇಬಲ್ಲು ಸಮೇತ ಮೇಲೆತ್ತಿಸಬೇಕು, ವೈಂಡಿಂಗ್ ಮಾಡಿಸಬೇಕು, ಮತ್ತೆ ಇಳಿಸಬೇಕು. ಅಷ್ಟರಲ್ಲಿ ಟೊಮೆಟೊ ಗಿಡ ಬಾಡಿರುತ್ತದೆ. ನೀರು ನಿಂತ ಕೂಡಲೇ ಮೋಟರನ್ನು ತಾನೇ ಆಫ್ ಮಾಡುವ ಕಂಟ್ರೋಲರ್ ಹಾಕಿಸುವುದು ಇದಕ್ಕಾಗಿಯೇ. ಅದರೊಳಗೆ ಲಿನಕ್ಸ್ ಓಡುವ ಬೋರ್ಡಿದ್ದರೆ, ಮೀಟರನ್ನೂ, ಮೋಟರ್ ಆನ್ ಆಫ್ ಮಾಡುವ ರಿಲೇಯನ್ನೂ ನೋಡಿಕೊಳ್ಳುವ ಡ್ರೈವರನ್ನು ಯಾರಾದರೂ ಬರೆಯಲೇಬೇಕು. ಈ ಬರಹದ ಉದಾಹರಣೆ ಅಂಥದೊಂದು ಡ್ರೈವರ್. ಬೇರೆ ಸಾಧನಗಳಲ್ಲಿ ಡ್ರೈವರ್ ತಪ್ಪಾಗಿ ಇಳಿದರೆ ಹಲವು ಸಲ ಸ್ವಲ್ಪ ಮೆಮರಿ ಸೋರುವುದಷ್ಟೇ ಆಗುತ್ತದೆ. ಇಲ್ಲಿ ರಿಲೇ ಆನ್ ಆಗಿಯೇ ಉಳಿದುಬಿಡಬಹುದು. ಹಾಗಾಗದಿರಲು ಡೆವ್‌ಎಂ ಫಂಕ್ಷನ್‌ಗಳನ್ನು, ಅಂದರೆ ಡ್ರೈವರ್ ತೆಗೆದುಕೊಂಡದ್ದನ್ನು ಇಳಿಯುವಾಗ ಕರ್ನಲ್ಲೇ ವಾಪಸ್ ಕೊಡುವಂತೆ ಮಾಡುವ ಫಂಕ್ಷನ್‌ಗಳನ್ನು, ಸರಿಯಾದ ಸಾಲಿನಲ್ಲಿ ಕರೆಯಬೇಕು.

ಕರ್ನಲ್ ಮಾಡ್ಯೂಲ್ ಬಿಲ್ಡ್ ಮಾಡಿ ಲೋಡ್ ಮಾಡಿದ್ದೀರಿ, ಡಿವೈಸ್ ಟ್ರೀ ಓದಲು ಬರುತ್ತದೆ, ಸಿ ಭಾಷೆ ಕೈಗೆ ಹತ್ತಿದೆ ಎಂದುಕೊಂಡು ಬರೆದಿದೆ. ತುಮಕೂರಿನ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಕೊನೆಯ ವರ್ಷದ ಪ್ರಾಜೆಕ್ಟ್ ಮಾಡುವವರಿಗೂ, ವಸಂತನರಸಾಪುರದಲ್ಲೋ ನರಸಾಪುರದಲ್ಲೋ ಬೋರ್ಡು ಕೆಲಸದಲ್ಲಿ ಇರುವವರಿಗೂ ಇಷ್ಟು ತಯಾರಿ ಸಾಕು. ಫಂಕ್ಷನ್ ಹೆಸರುಗಳನ್ನು ಓದುವ ಹಾಗೆಯೇ ಕನ್ನಡದಲ್ಲಿ ಕೊಟ್ಟಿದೆ. ಅಂಡರ್‌ಸ್ಕೋರ್ ಇರುವಲ್ಲಿ ಕೋಡಿನಲ್ಲೂ ಅಂಡರ್‌ಸ್ಕೋರ್ ಇದೆ.

ಡೆವ್‌ಎಂ ಮಾಡುವ ಕೆಲಸ

ಡ್ರೈವರ್ ಡಿವೈಸಿಗೆ ಅಂಟಿಕೊಳ್ಳುವಾಗ ಓಡುವ ಪ್ರೋಬ್ ಫಂಕ್ಷನ್ ಒಂದೊಂದಾಗಿ ಸಾಮಾನು ಕೂಡಿಸುತ್ತಾ ಹೋಗುತ್ತದೆ: ಮೆಮರಿ, ರಿಜಿಸ್ಟರ್ ಮ್ಯಾಪಿಂಗ್, ಕ್ಲಾಕ್, ಇಂಟರಪ್ಟ್, ಜಿಪಿಐಒ (ಆನ್ ಆಫ್ ಮಾಡಬಹುದಾದ ಪಿನ್ನು). ಆರನೆಯದು ಸಿಗಲಿಲ್ಲ ಎಂದರೆ ಹಿಂದಿನ ಐದನ್ನೂ ವಾಪಸ್ ಕೊಡಬೇಕು. ಹಳೆಯ ಡ್ರೈವರುಗಳಲ್ಲಿ ಇದಕ್ಕೆಂದೇ ಪ್ರೋಬ್‌ನ ಕೊನೆಗೆ ಗೋಟು ಲೇಬಲ್‌ಗಳ ಮೆಟ್ಟಿಲು ಇರುತ್ತಿತ್ತು. ಡ್ರೈವರ್ ಇಳಿಯುವಾಗ ಓಡುವ ರಿಮೂವ್ ಫಂಕ್ಷನ್‌ನಲ್ಲಿ ಅದೇ ಮೆಟ್ಟಿಲು ಇನ್ನೊಮ್ಮೆ. ನಡುವೆ ಒಂದು ಸಾಲು ಸೇರಿಸಿದವರು ಲೇಬಲ್ ಬದಲಿಸಲು ಮರೆತರೆ ಸೋರಿಕೆ ಶುರು, ಮತ್ತು ಆ ದಾರಿಯನ್ನು ಯಾರೂ ಪರೀಕ್ಷಿಸದ ಕಾರಣ ವರ್ಷಗಟ್ಟಲೆ ಗೊತ್ತಾಗುತ್ತಲೂ ಇರಲಿಲ್ಲ.

ಕರ್ನಲ್ ಡೆವಲಪರ್ ತೇಜುನ್ ಹಿಯೊ ಇದಕ್ಕೆ ಬರೆದ ಪರಿಹಾರವೇ ಡೆವ್‌ರೆಸ್. ಅದು ಕರ್ನಲ್ಲಿಗೆ ಸೇರಿದ್ದು 2007ರಲ್ಲಿ, 2.6.21ರ ಜೊತೆ. ಒಳಗಿನ ವ್ಯವಸ್ಥೆ ಸರಳ. ಪ್ರತಿಯೊಂದು ಸ್ಟ್ರಕ್ಟ್ ಡಿವೈಸ್‌ನಲ್ಲೂ ಒಂದು ಪಟ್ಟಿ ಇದೆ. ಡೆವ್‌ಎಂ ಎಂದು ಶುರುವಾಗುವ ಫಂಕ್ಷನ್ ಕರೆದಾಗ, ಕೇಳಿದ ಸಾಮಾನಿನ ಜೊತೆಗೆ ಅದನ್ನು ವಾಪಸ್ ಕೊಡುವ ಫಂಕ್ಷನ್ನಿನ ವಿಳಾಸವೂ ಆ ಪಟ್ಟಿಯ ಬಾಲಕ್ಕೆ ಸೇರುತ್ತದೆ. ಪ್ರೋಬ್ ಎರರ್ ಕೊಟ್ಟರೆ, ಇಲ್ಲವೇ ಡ್ರೈವರ್ ಡಿವೈಸಿನಿಂದ ಬಿಡಿಸಿಕೊಂಡರೆ, ಡ್ರೈವರ್ ಕೋರ್ ಪಟ್ಟಿಯನ್ನು ಬಾಲದಿಂದ ತಲೆಗೆ ಬಿಚ್ಚುತ್ತಾ ಬರುತ್ತದೆ. ಕೊನೆಗೆ ತೆಗೆದುಕೊಂಡದ್ದು ಮೊದಲು ಹೋಗುತ್ತದೆ.

ಇದರಲ್ಲಿ ಎರಡು ವಿವರ ಮುಖ್ಯ. ರಿಮೂವ್ ಫಂಕ್ಷನ್ ಇದ್ದರೆ ಮೊದಲು ಅದು ಪೂರ್ತಿ ಓಡಿ ಮುಗಿಯುತ್ತದೆ, ಆಮೇಲೆ ಪಟ್ಟಿ ಬಿಚ್ಚಿಕೊಳ್ಳುತ್ತದೆ. ಮುಂದೆ ಬರುವ ಅರ್ಧಕ್ಕರ್ಧ ತೊಂದರೆಗಳ ಮೂಲ ಇದೇ. ಎರಡನೆಯದು: ಬೋರ್ಡು ರೀಬೂಟ್ ಆಗುವಾಗ ರಿಮೂವ್ ಓಡುವುದಿಲ್ಲ, ಪಟ್ಟಿಯೂ ಬಿಚ್ಚಿಕೊಳ್ಳುವುದಿಲ್ಲ. ಆಗ ಓಡುವುದು ಶಟ್‌ಡೌನ್ ಕಾಲ್‌ಬ್ಯಾಕ್ ಮಾತ್ರ, ಅದೂ ನೀವು ಬರೆದಿದ್ದರೆ.

ಉದಾಹರಣೆಯ ಬೋರ್ಡು

ಡೆಲಿವರಿ ಪೈಪಿನಲ್ಲಿ ಎರಡು ಇಂಚಿನ ಪಲ್ಸ್ ವಾಟರ್ ಮೀಟರ್ ಇದೆ. ಅದರೊಳಗಿನ ರೀಡ್ ಸ್ವಿಚ್ (ಆಯಸ್ಕಾಂತ ಹತ್ತಿರ ಬಂದಾಗ ಕೂಡುವ ಸ್ವಿಚ್) 10 ಲೀಟರಿಗೆ ಒಂದು ಪಲ್ಸ್ ಕೊಡುತ್ತದೆ. ನಿಮಿಷಕ್ಕೆ 200 ಲೀಟರ್ ಬರುತ್ತಿದ್ದರೆ 20 ಪಲ್ಸ್, ಅಂದರೆ 3 ಸೆಕೆಂಡಿಗೆ ಒಂದು. ಪಲ್ಸುಗಳನ್ನು ಎಣಿಸುವುದು ಎಫ್‌ಪಿಜಿಎ (ಬೇಕಾದ ಸರ್ಕ್ಯೂಟನ್ನು ಒಳಗೆ ತುಂಬಬಹುದಾದ ಚಿಪ್ಪು) ಒಳಗಿನ ಸಣ್ಣ ಕೌಂಟರ್ ಬ್ಲಾಕ್. 30 ಸೆಕೆಂಡು ಒಂದೂ ಪಲ್ಸ್ ಬರದಿದ್ದರೆ ಅದು ಇಂಟರಪ್ಟ್ ಎತ್ತುತ್ತದೆ. ಬ್ಲಾಕಿಗೊಂದು ಕ್ಲಾಕ್ ಇದೆ, ಮೀಟರಿನ ಕಡೆಯ ಸರ್ಕ್ಯೂಟಿಗೆ ಪ್ರತ್ಯೇಕ ರೆಗ್ಯುಲೇಟರ್ ಇದೆ. ಒಂದು ಜಿಪಿಐಒ ಪಿನ್ನು ರಿಲೇಯನ್ನು ಎಳೆಯುತ್ತದೆ, ರಿಲೇ ಸ್ಟಾರ್ಟರಿನ ನೋ-ವೋಲ್ಟ್ ಕಾಯಿಲಿನ (ಕರೆಂಟು ತಪ್ಪಿದರೆ ಮೋಟರ್ ಆಫ್ ಮಾಡುವ ಕಾಯಿಲ್) ಲೈನಿನಲ್ಲಿ ಕೂತಿದೆ.

ಇಂಟರಪ್ಟ್ ಬಂದ ಕೂಡಲೇ ಮೋಟರ್ ಆಫ್ ಮಾಡುವುದಿಲ್ಲ. ಡಿಲೇಡ್ ವರ್ಕ್ (ಹೇಳಿದಷ್ಟು ಸಮಯ ಕಳೆದ ಮೇಲೆ ಕರ್ನಲ್ ಓಡಿಸುವ ಕೆಲಸ) ಒಂದನ್ನು 5 ಸೆಕೆಂಡಿಗೆ ಇಡುತ್ತೇವೆ. ಅದು ಎಣಿಕೆಯ ರಿಜಿಸ್ಟರನ್ನು ಇನ್ನೊಮ್ಮೆ ಓದಿ, ಆಗಲೂ ನೀರಿಲ್ಲ ಎಂದರೆ ರಿಲೇ ಬಿಡುತ್ತದೆ. ಮೋಟರ್ ಚಾಲೂ ಮಾಡಿದಾಗಿನ ಗ್ರೇಸ್ ಅವಧಿಗೂ ಇದೇ ವರ್ಕ್ ಸಾಕು, ಸಮಯ ಮಾತ್ರ ಬೇರೆ. ಆ ಸಮಯವನ್ನು ಜಾಗಕ್ಕೆ ತಕ್ಕಂತೆ ಹೊಂದಿಸಲು ಬಿಡಿ. ಎರಡು ಇಂಚಿನ ಪೈಪಿನ ಒಂದು ಮೀಟರಿನಲ್ಲಿ ಸುಮಾರು 2 ಲೀಟರ್ ಹಿಡಿಯುತ್ತದೆ. ಸಾವಿರ ಅಡಿಯ ಕಾಲಮ್ಮಿನಲ್ಲಿ 600 ಲೀಟರ್. ಎನ್‌ಆರ್‌ವಿ (ನೀರು ಕೆಳಗೆ ಮರಳದಂತೆ ತಡೆಯುವ ವಾಲ್ವ್) ಸೋರಿ ಪೈಪು ಖಾಲಿಯಾಗಿದ್ದರೆ ಮೀಟರಿಗೆ ನೀರು ಮುಟ್ಟಲು 3 ನಿಮಿಷವೇ ಬೇಕು. 30 ಸೆಕೆಂಡಿನ ಲೆಕ್ಕವನ್ನೇ ಆಗಲೂ ಹಿಡಿದರೆ ಮೋಟರು ಪ್ರತಿ ಸಲವೂ ಆನ್ ಆಗಿ ಆಫ್ ಆಗುತ್ತದೆ, ಮತ್ತು ರೈತರು ಕಂಟ್ರೋಲರನ್ನು ಬೈಪಾಸ್ ಮಾಡಿ ವೈರು ನೇರ ಸುತ್ತಿಬಿಡುತ್ತಾರೆ.

ಮೊದಲು ಇಳಿಯುವ ಸಾಲು ಬರೆಯಿರಿ

ಕೋಡಿಗೆ ಕೈಹಾಕುವ ಮುಂಚೆ, ಡ್ರೈವರ್ ಇಳಿಯುವಾಗ ಏನೇನು ಯಾವ ಸಾಲಿನಲ್ಲಿ ನಿಲ್ಲಬೇಕು ಎಂದು ಕಾಗದದ ಮೇಲೆ ಬರೆದುಕೊಳ್ಳಿ. ಈ ಬೋರ್ಡಿಗೆ ಅದು ಹೀಗಿರುತ್ತದೆ:

1. ಮೋಟರ್ ಆನ್ ಮಾಡುವ ಸಿಸ್‌ಫೈಲ್ (/ಸಿಸ್ ಒಳಗೆ ಡ್ರೈವರ್ ತೋರಿಸುವ ಫೈಲು) ಮಾಯವಾಗಬೇಕು. ಇನ್ನು ಯಾರೂ ಹೊಸದಾಗಿ ಆನ್ ಮಾಡುವಂತಿರಬಾರದು.
2. ರಿಲೇ ಆಫ್ ಆಗಬೇಕು, ಬ್ಲಾಕಿನಲ್ಲಿ ಇಂಟರಪ್ಟ್ ಮಾಸ್ಕ್ ಆಗಬೇಕು, ಅಂದರೆ ಮುಚ್ಚಬೇಕು.
3. ಇಂಟರಪ್ಟ್ ಹ್ಯಾಂಡ್ಲರ್ (ಇಂಟರಪ್ಟ್ ಬಂದಾಗ ಓಡುವ ಫಂಕ್ಷನ್) ಬಿಡುಗಡೆ.
4. ಬಾಕಿ ಇರುವ ಡಿಲೇಡ್ ವರ್ಕ್ ರದ್ದು.
5. ಜಿಪಿಐಒ ವಾಪಸ್, ಕ್ಲಾಕ್ ಆಫ್, ರೆಗ್ಯುಲೇಟರ್ ಆಫ್.
6. ರಿಜಿಸ್ಟರ್ ಮ್ಯಾಪಿಂಗ್, ಮೆಮರಿ.

3 ಮತ್ತು 4ನ್ನು ಅದಲು ಬದಲು ಮಾಡುವಂತಿಲ್ಲ. ವರ್ಕ್ ರದ್ದಾದ ಮೇಲೂ ಹ್ಯಾಂಡ್ಲರ್ ಜೀವಂತವಿದ್ದರೆ, ಅದು ಇನ್ನೊಂದು ವರ್ಕ್ ಇಟ್ಟು ಕೂರುತ್ತದೆ. 5 ಸೆಕೆಂಡು ಕಳೆದು ಆ ವರ್ಕ್ ಎದ್ದಾಗ ಅದು ಮುಟ್ಟುವ ಮೆಮರಿ ಬೇರೆ ಯಾರದೋ ಆಗಿರುತ್ತದೆ. 2ನೆಯದು 3ಕ್ಕಿಂತ ಮುಂಚೆ ಇರುವುದಕ್ಕೂ ಕಾರಣ ಇದೆ: ನೀರು ನಿಂತದ್ದನ್ನು ಗಮನಿಸುವ ಕಣ್ಣು ಮುಚ್ಚುವ ಮೊದಲೇ ಮೋಟರ್ ನಿಂತಿರಬೇಕು.

ಈ ಪಟ್ಟಿಯನ್ನು ತಿರುಗಿಸಿ ಹಿಡಿದರೆ ಅದೇ ಪ್ರೋಬ್. ಡೆವ್‌ಎಂ ಕೋಡಿನಲ್ಲಿ ಪ್ರೋಬ್‌ನ ಸಾಲುಗಳ ಕ್ರಮವನ್ನು ಓದಲು ಚೆನ್ನಾಗಿರಲಿ ಎಂದು ಹಿಂದೆ ಮುಂದೆ ಮಾಡುವ ಹಾಗಿಲ್ಲ, ಆ ಕ್ರಮವೇ ಇಳಿಯುವ ಕೋಡು. ರಿವ್ಯೂ ಮಾಡುವವರು ಮೊದಲು ನೋಡಬೇಕಾದದ್ದೂ ಇದನ್ನೇ.

ಪ್ರೋಬ್, ಒಂದೊಂದೇ ಸಾಲು

ಮೊದಲು ಮೆಮರಿ. ಡೆವ್‌ಎಂ_ಕೆಝಲಾಕ್‌ಗೆ ಡಿವೈಸಿನ ಪಾಯಿಂಟರ್, ಸೈಜು, ಜಿಎಫ್‌ಪಿ_ಕರ್ನಲ್ ಕೊಡಿ. ಸಿಗದಿದ್ದರೆ ನಲ್ ಬರುತ್ತದೆ, ಆಗ -ಇನೋಮೆಮ್ ರಿಟರ್ನ್ ಮಾಡಿದರೆ ಸಾಕು. ಮೆಸೇಜು ಬೇಡ, ಮೆಮರಿ ಸಿಗಲಿಲ್ಲ ಎಂದು ಕರ್ನಲ್ಲೇ ದೊಡ್ಡದಾಗಿ ಕೂಗುತ್ತದೆ. ಸಣ್ಣ ಸಣ್ಣ ತುಂಡುಗಳನ್ನು ಹತ್ತು ಸಲ ಕೇಳುವ ಬದಲು ಎಲ್ಲವನ್ನೂ ಒಂದೇ ಸ್ಟ್ರಕ್ಟ್‌ನಲ್ಲಿ ಸೇರಿಸಿ. ಪ್ರತಿ ತುಂಡಿನ ಮುಂದೂ ಡೆವ್‌ರೆಸ್‌ನ ಹೆಡರ್ ಕೂರುತ್ತದೆ. 64 ಬಿಟ್ ಆರ್ಮ್‌ನಲ್ಲಿ ಡೇಟಾ 128 ಬೈಟಿಗೆ ಅಲೈನ್ ಆಗುವುದರಿಂದ 16 ಬೈಟು ಕೇಳಿದರೂ ಖರ್ಚಾಗುವುದು ಅದರ ಹಲವು ಪಟ್ಟು.

ಈ ಸ್ಟ್ರಕ್ಟನ್ನು ಪ್ಲಾಟ್‌ಫಾರ್ಮ್_ಸೆಟ್_ಡ್ರವ್‌ಡೇಟಾ ಮೂಲಕ ಈಗಲೇ ಡಿವೈಸಿಗೆ ಕಟ್ಟಿಬಿಡಿ. ಸಿಸ್‌ಫೈಲ್ ಮತ್ತು ಶಟ್‌ಡೌನ್ ಎರಡಕ್ಕೂ ಅದು ಬೇಕು.

ರಿಜಿಸ್ಟರುಗಳಿಗೆ ಡೆವ್‌ಎಂ_ಪ್ಲಾಟ್‌ಫಾರ್ಮ್_ಐಒರೀಮ್ಯಾಪ್_ರಿಸೋರ್ಸ್, ಇಂಡೆಕ್ಸ್ 0. ಇದು ವಿಳಾಸದ ವ್ಯಾಪ್ತಿಯನ್ನು ಕಾಯ್ದಿರಿಸುತ್ತದೆ, ಮ್ಯಾಪೂ ಮಾಡುತ್ತದೆ. ಬೇರೆ ಡ್ರೈವರ್ ಅದೇ ವ್ಯಾಪ್ತಿ ಹಿಡಿದಿದ್ದರೆ ಬಿಝಿ ಎಂಬ ಎರರ್ ಇಲ್ಲೇ ಸಿಗುತ್ತದೆ. ಇದರ ಎರರನ್ನು ಈಸ್_ಎರ್‌ನಿಂದ ನೋಡಬೇಕು, ನಲ್ ಜೊತೆ ಹೋಲಿಸಿದರೆ ಎಂದೂ ಸಿಕ್ಕುವುದಿಲ್ಲ. ಬರಿಯ ಡೆವ್‌ಎಂ_ಐಒರೀಮ್ಯಾಪ್ ಮಾತ್ರ ಉಲ್ಟಾ, ಸೋತರೆ ನಲ್ ಕೊಡುತ್ತದೆ. ಇವೆರಡನ್ನೂ ಗೊಂದಲ ಮಾಡಿಕೊಂಡ ಡ್ರೈವರುಗಳಿಗೆ ಲೆಕ್ಕವಿಲ್ಲ. ಎರರ್ ಪಾಯಿಂಟರನ್ನೇ ರಿಜಿಸ್ಟರ್ ವಿಳಾಸ ಎಂದುಕೊಂಡು ಓದಲು ಹೋಗಿ ಊಪ್ಸ್ (ಕರ್ನಲ್ ಕೊಡುವ ಕ್ರ್ಯಾಶ್ ವರದಿ) ಆಗುತ್ತದೆ.

ಆಮೇಲೆ ಡೆವ್‌ಎಂ_ರೆಗ್ಯುಲೇಟರ್_ಗೆಟ್_ಎನೇಬಲ್, ಅದರ ಬೆನ್ನಿಗೆ ಡೆವ್‌ಎಂ_ಸಿಎಲ್‌ಕೆ_ಗೆಟ್_ಎನೇಬಲ್ಡ್. ಹೆಸರೇ ಹೇಳುವಂತೆ ಇವು ಪಡೆಯುತ್ತವೆ, ಆನ್ ಮಾಡುತ್ತವೆ. ಇಳಿಯುವಾಗ ಆಫ್ ಮಾಡಿ ವಾಪಸ್ ಕೊಡುತ್ತವೆ. ಹೆಸರಿನಲ್ಲಿ ಎನೇಬಲ್ಡ್ ಇಲ್ಲದ ಡೆವ್‌ಎಂ_ಸಿಎಲ್‌ಕೆ_ಗೆಟ್ ಬಳಸಿದರೆ ಕ್ಲಾಕಿನ ಹಿಡಿತ ಮಾತ್ರ ಪಟ್ಟಿಯಲ್ಲಿರುತ್ತದೆ. ಆನ್ ಮಾಡಿದ್ದನ್ನು ಆಫ್ ಮಾಡುವ ಕೆಲಸ ನಿಮ್ಮ ತಲೆಯ ಮೇಲೆಯೇ ಉಳಿಯುತ್ತದೆ. ಡೆವ್‌ಎಂ ಹಾಕಿದ್ದೇನೆ, ಎಲ್ಲಾ ತಾನೇ ಆಗುತ್ತದೆ ಎಂದು ನಂಬಿದವರ ಬೋರ್ಡಿನಲ್ಲಿ ಕ್ಲಾಕಿನ ಎನೇಬಲ್ ಎಣಿಕೆ ಪ್ರತಿ ಅನ್‌ಬೈಂಡಿಗೂ (ಡಿವೈಸಿನಿಂದ ಡ್ರೈವರ್ ಬಿಡಿಸುವುದು) ಒಂದೊಂದು ಏರುತ್ತಾ ಹೋಗುವುದು ಇದರಿಂದ.

ರಿಲೇಗೆ ಡೆವ್‌ಎಂ_ಜಿಪಿಐಒಡಿ_ಗೆಟ್, ಹೆಸರು ರಿಲೇ, ಸ್ಥಿತಿ ಜಿಪಿಐಒಡಿ_ಔಟ್_ಲೋ. ಇಲ್ಲಿ ಲೋ ಎಂದರೆ ತಾರ್ಕಿಕ ಸೊನ್ನೆ, ಪಿನ್ನಿನ ವೋಲ್ಟೇಜ್ ಅಲ್ಲ. ಅಂಗಡಿಯಲ್ಲಿ ಸಿಗುವ ನೀಲಿ ರಿಲೇ ಮಾಡ್ಯೂಲುಗಳಲ್ಲಿ ಬಹಳಷ್ಟು ಪಿನ್ನು ಕೆಳಗಿಳಿದಾಗ ಆನ್ ಆಗುವಂಥವು. ಅಂಥದ್ದಾದರೆ ಡಿವೈಸ್ ಟ್ರೀಯಲ್ಲಿ ಆ ಪಿನ್ನಿಗೆ ಜಿಪಿಐಒ_ಆ್ಯಕ್ಟಿವ್_ಲೋ ಎಂದು ಬರೆಯಿರಿ, ಡ್ರೈವರ್ ಮುಟ್ಟಬೇಡಿ. ಇದನ್ನು ಮರೆತರೆ ಡ್ರೈವರ್ ಲೋಡ್ ಆದ ಕ್ಷಣವೇ ಮೋಟರು ಗುಂಯ್ ಎನ್ನುತ್ತದೆ. ಮೊದಲ ಸಲ ಲೋಡ್ ಮಾಡುವಾಗ ಸ್ಟಾರ್ಟರಿನ ಕಾಯಿಲ್ ವೈರು ಬಿಚ್ಚಿ, ರಿಲೇಗೆ ಒಂದು ಬಲ್ಬು ಹಾಕಿಕೊಂಡು ನೋಡಿ.

ಡಿಲೇಡ್ ವರ್ಕ್‌ಗೆ ಡೆವ್‌ಎಂ_ಡಿಲೇಡ್_ವರ್ಕ್_ಆಟೋಕ್ಯಾನ್ಸಲ್. ಇದು ವರ್ಕನ್ನು ಸಿದ್ಧಮಾಡುತ್ತದೆ, ಇಳಿಯುವಾಗ ರದ್ದು ಮಾಡಿ, ಓಡುತ್ತಿದ್ದರೆ ಮುಗಿಯುವತನಕ ಕಾಯುತ್ತದೆ. ಇರುವುದು ಡೆವ್‌ಎಂ-ಹೆಲ್ಪರ್ಸ್ ಎಂಬ ಬೇರೆ ಹೆಡರ್ ಫೈಲಿನಲ್ಲಿ.

ಇನ್ನು ಇಂಟರಪ್ಟ್. ಮೊದಲು ಬ್ಲಾಕಿನ ಮಾಸ್ಕ್ ರಿಜಿಸ್ಟರ್ ಬರೆದು ಇಂಟರಪ್ಟ್ ಮುಚ್ಚಿ, ಬಾಕಿ ಉಳಿದ ಸ್ಟೇಟಸ್ ಬಿಟ್ಟುಗಳನ್ನು ಅಳಿಸಿ. ಬೂಟ್‌ಲೋಡರ್ ಏನು ಬಿಟ್ಟು ಹೋಗಿದೆಯೋ ಹೇಳಲಾಗದು. ಪ್ಲಾಟ್‌ಫಾರ್ಮ್_ಗೆಟ್_ಐಆರ್‌ಕ್ಯೂ ನೆಗೆಟಿವ್ ಕೊಟ್ಟರೆ ಅದನ್ನೇ ರಿಟರ್ನ್ ಮಾಡಿ, ಮೆಸೇಜನ್ನು ಅದೇ ಬರೆದಿರುತ್ತದೆ. ನಂತರ ಡೆವ್‌ಎಂ_ರಿಕ್ವೆಸ್ಟ್_ಥ್ರೆಡೆಡ್_ಐಆರ್‌ಕ್ಯೂ. ಮೊದಲ ಹ್ಯಾಂಡ್ಲರ್ ನಲ್ ಇಟ್ಟು ಥ್ರೆಡ್ ಹ್ಯಾಂಡ್ಲರ್ ಮಾತ್ರ ಕೊಡುವುದಾದರೆ ಐಆರ್‌ಕ್ಯೂಎಫ್_ಒನ್‌ಶಾಟ್ ಬೇಕೇ ಬೇಕು, ಇಲ್ಲದಿದ್ದರೆ ಸಾಮಾನ್ಯವಾಗಿ -ಇಇನ್‌ವಾಲ್ ಬಂದು ಪ್ರೋಬ್ ಅಲ್ಲೇ ನಿಲ್ಲುತ್ತದೆ. ಈ ಫಂಕ್ಷನ್ ವಾಪಸಾಗುವ ಮುಂಚೆಯೇ ಹ್ಯಾಂಡ್ಲರ್ ಒಮ್ಮೆ ಓಡಿ ಮುಗಿಯಬಹುದು. ಹಾಗಾಗಿ ಅದು ಮುಟ್ಟುವ ಕ್ಲಾಕ್, ಮ್ಯಾಪಿಂಗ್, ವರ್ಕ್ ಎಲ್ಲವೂ ಈ ಸಾಲಿಗಿಂತ ಮೇಲೆಯೇ ಸಿದ್ಧವಾಗಿರಬೇಕು.

ಕಡೆಯದು, ಡೆವ್‌ಎಂ_ಆ್ಯಡ್_ಆ್ಯಕ್ಷನ್_ಆರ್_ರೀಸೆಟ್. ರೆಡಿಮೇಡ್ ಡೆವ್‌ಎಂ ಫಂಕ್ಷನ್ ಇಲ್ಲದ ಯಾವ ಕೆಲಸವನ್ನಾದರೂ ಪಟ್ಟಿಗೆ ಸೇರಿಸಲು ಇದೇ ದಾರಿ. ನಮಗೆ ಬೇಕಾದ್ದು ಜಲ_ನಿಲ್ಲಿಸು ಎಂಬ ನಮ್ಮದೇ ಸಣ್ಣ ಫಂಕ್ಷನ್: ರಿಲೇಗೆ ಸೊನ್ನೆ ಬರೆಯುತ್ತದೆ, ಬ್ಲಾಕಿನ ಇಂಟರಪ್ಟ್ ಮಾಸ್ಕ್ ಮಾಡುತ್ತದೆ. ಇದು ಯಾಕೆ ಬೇಕು ಎಂದರೆ, ಜಿಪಿಐಒಗೆ ಡೆವ್‌ಎಂ ಇದ್ದರೂ ಅದು ವಾಪಸ್ ಕೊಡುವುದು ಪಿನ್ನಿನ ಹಕ್ಕನ್ನು ಮಾತ್ರ. ಪಿನ್ನಿನ ಮೇಲಿದ್ದ ಮಟ್ಟ ಸಾಮಾನ್ಯವಾಗಿ ಹಾಗೆಯೇ ಉಳಿಯುತ್ತದೆ. ಮೋಟರ್ ಓಡುವಾಗ ಮಾಡ್ಯೂಲ್ ತೆಗೆದರೆ ಕರ್ನಲಿನ ಲೆಕ್ಕದಲ್ಲಿ ಎಲ್ಲವೂ ಶುದ್ಧ, ಒಂದು ಬೈಟೂ ಸೋರಿಲ್ಲ. ಮೋಟರು ಮಾತ್ರ ಓಡುತ್ತಲೇ ಇದೆ, ನೋಡುವವರಿಲ್ಲ.

ಹೆಸರಿನ ಕೊನೆಯ ಆರ್_ರೀಸೆಟ್ ಬಿಡಬೇಡಿ. ಪಟ್ಟಿಗೆ ಸೇರಿಸಲು ಮೆಮರಿ ಸಿಗದಿದ್ದರೆ ಅದು ಜಲ_ನಿಲ್ಲಿಸು ಅನ್ನು ತಕ್ಷಣವೇ ಓಡಿಸಿ ಎರರ್ ಕೊಡುತ್ತದೆ. ಬರಿಯ ಡೆವ್‌ಎಂ_ಆ್ಯಡ್_ಆ್ಯಕ್ಷನ್ ಎರರ್ ಕೊಟ್ಟು ಸುಮ್ಮನಾಗುತ್ತದೆ. ಇನ್ನೊಂದು ಎಚ್ಚರ: ಸಿಎಲ್‌ಕೆ_ಡಿಸೇಬಲ್_ಅನ್‌ಪ್ರಿಪೇರ್‌ನಂಥ ಫಂಕ್ಷನ್ನನ್ನೇ ಕಾಸ್ಟ್ ಮಾಡಿ ಆ್ಯಕ್ಷನ್ ಜಾಗದಲ್ಲಿ ಕೊಡುವ ಚಾಳಿ ಕೆಲವು ಕಡೆ ಇದೆ. ಸಿಎಫ್‌ಐ (ಪಾಯಿಂಟರ್ ಮೂಲಕ ಕರೆದ ಫಂಕ್ಷನ್ನಿನ ಬಗೆ ಹೊಂದುತ್ತದೆಯೇ ನೋಡುವ ರಕ್ಷಣೆ) ಆನ್ ಇರುವ ಕರ್ನಲ್ಲಿನಲ್ಲಿ ಅದು ಓಡುವಾಗಲೇ ಸಿಕ್ಕಿಬೀಳುತ್ತದೆ. ವಾಯ್ಡ್ ಪಾಯಿಂಟರ್ ತೆಗೆದುಕೊಳ್ಳುವ ಎರಡು ಸಾಲಿನ ಹೊದಿಕೆ ಫಂಕ್ಷನ್ ಬರೆಯಿರಿ.

ಆ್ಯಕ್ಷನ್ ಪಟ್ಟಿಗೆ ಸೇರಿದ ಮೇಲೆಯೇ ಬ್ಲಾಕಿನ ಇಂಟರಪ್ಟ್ ಮಾಸ್ಕ್ ತೆರೆಯಿರಿ. ಪ್ರೋಬ್ ಮುಗಿಯಿತು.

ಸಿಸ್‌ಫೈಲನ್ನು ಪ್ರೋಬ್‌ನೊಳಗೆ ಹುಟ್ಟಿಸಬೇಡಿ. ಡ್ರೈವರ್ ಸ್ಟ್ರಕ್ಟಿನ ಡೆವ್_ಗ್ರೂಪ್ಸ್ ಜಾಗದಲ್ಲಿ ಗ್ರೂಪು ಕೊಟ್ಟರೆ ಪ್ರೋಬ್ ಗೆದ್ದ ಮೇಲೆ ಕೋರ್ ತಾನೇ ಹುಟ್ಟಿಸುತ್ತದೆ, ಇಳಿಯುವಾಗ ರಿಮೂವ್‌ಗಿಂತ ಮೊದಲೇ ತೆಗೆಯುತ್ತದೆ. ಯಾರಾದರೂ ಆಗ ಫೈಲು ಓದುತ್ತಲೋ ಬರೆಯುತ್ತಲೋ ಇದ್ದರೆ ಅವರ ಕೆಲಸ ಮುಗಿಯುವತನಕ ಕಾಯುತ್ತದೆ. ನಮ್ಮ ಪಟ್ಟಿಯ ಒಂದನೇ ಅಂಶ ಒಂದೂ ಸಾಲು ಬರೆಯದೆ ಆಯಿತು.

ಮೆಸೇಜು ಬೇಕಾದ ಎಲ್ಲ ಎರರುಗಳಿಗೂ ಡೆವ್_ಎರ್_ಪ್ರೋಬ್ ಬಳಸಿ. 2020ರ 5.9ರಿಂದ ಇದೆ. ಕೊಟ್ಟ ಎರರನ್ನೇ ವಾಪಸ್ ಕೊಡುವುದರಿಂದ ರಿಟರ್ನ್ ಸಾಲಿನಲ್ಲೇ ಬರೆಯಬಹುದು. ಅದಕ್ಕಿಂತ ಹೆಚ್ಚಿನ ಉಪಯೋಗ ಪ್ರೋಬ್ ಡಿಫರ್ ಆದಾಗ, ಅಂದರೆ ಮುಂದಕ್ಕೆ ಹೋದಾಗ. ರಿಲೇಯ ಪಿನ್ನು ಐ2ಸಿ ಎಕ್ಸ್‌ಪಾಂಡರಿನ ಮೇಲಿದ್ದು, ಅದರ ಡ್ರೈವರ್ ಇನ್ನೂ ಬಂದಿಲ್ಲ ಎಂದುಕೊಳ್ಳಿ. -ಇಪ್ರೋಬ್_ಡಿಫರ್ ಬರುತ್ತದೆ, ಪ್ರೋಬ್ ಮತ್ತೆ ಮತ್ತೆ ಓಡುತ್ತದೆ. ಪ್ರತಿ ಸಲವೂ ಅಲ್ಲಿಯವರೆಗೆ ತೆಗೆದುಕೊಂಡದ್ದೆಲ್ಲ ಡೆವ್‌ಎಂ ಪಟ್ಟಿಯಿಂದ ವಾಪಸ್ ಹೋಗುತ್ತದೆ. ಡೆವ್_ಎರ್_ಪ್ರೋಬ್ ಆಗ ಲಾಗಿನಲ್ಲಿ ಎರರ್ ಎಂದು ಬರೆಯದೆ ಕಾರಣವನ್ನು ಡೀಬಗ್‌ಎಫ್‌ಎಸ್‌ನ (ಕರ್ನಲ್ ಒಳಗಿನ ಸ್ಥಿತಿ ತೋರಿಸುವ ಫೋಲ್ಡರ್) ಡಿವೈಸಸ್_ಡಿಫರ್ಡ್ ಫೈಲಿಗೆ ಹಾಕುತ್ತದೆ. ಪ್ರೋಬ್ ಯಾಕೆ ಆಗುತ್ತಿಲ್ಲ ಎಂದು ತಲೆ ಕೆರೆದುಕೊಳ್ಳುವ ಮೊದಲು ಆ ಫೈಲನ್ನು ಕ್ಯಾಟ್ ಮಾಡಿ.

ಅರ್ಧ ಡೆವ್‌ಎಂ, ಅರ್ಧ ಕೈಯಿಂದ

ನಿಜವಾದ ಅಪಾಯ ಇರುವುದು ಇಲ್ಲಿ. ಹಳೆಯ ಡ್ರೈವರೊಂದನ್ನು ಕ್ಲೀನ್ ಮಾಡುತ್ತೇವೆ ಎಂದು ಹೊರಟವರು ಸುಲಭಕ್ಕೆ ಸಿಕ್ಕಿದ್ದನ್ನು ಬದಲಿಸುತ್ತಾರೆ: ರಿಕ್ವೆಸ್ಟ್_ಐಆರ್‌ಕ್ಯೂ ಇದ್ದಲ್ಲಿ ಮುಂದೆ ಡೆವ್‌ಎಂ ಸೇರಿಸುತ್ತಾರೆ, ರಿಮೂವ್‌ನಲ್ಲಿದ್ದ ಫ್ರೀ_ಐಆರ್‌ಕ್ಯೂ ಅಳಿಸುತ್ತಾರೆ. ಕ್ಲಾಕ್ ಮಾತ್ರ ಹಳೆಯ ಹಾಗೆಯೇ, ಪ್ರೋಬ್‌ನಲ್ಲಿ ಕೈಯಿಂದ ಆನ್, ರಿಮೂವ್‌ನಲ್ಲಿ ಕೈಯಿಂದ ಆಫ್. ಸಾಲುಗಳು ಕಮ್ಮಿಯಾದವು, ಕಂಪೈಲ್ ಆಯಿತು, ಓಡಿತು.

ಈಗ ಅನ್‌ಬೈಂಡ್ ಮಾಡಿ ನೋಡಿ. ರಿಮೂವ್ ಮೊದಲು ಓಡುತ್ತದೆ, ಕ್ಲಾಕ್ ಆಫ್. ಡೆವ್‌ಎಂ ಪಟ್ಟಿ ಬಿಚ್ಚಿಕೊಳ್ಳುವುದು ಅದಾದ ಮೇಲೆ, ಅಲ್ಲಿಯವರೆಗೆ ಹ್ಯಾಂಡ್ಲರ್ ಜೀವಂತ. ಈ ಸಂದಿನಲ್ಲಿ ಇಂಟರಪ್ಟ್ ಬಂದರೆ ಹ್ಯಾಂಡ್ಲರ್ ಕ್ಲಾಕಿಲ್ಲದ ಬ್ಲಾಕಿನ ಸ್ಟೇಟಸ್ ರಿಜಿಸ್ಟರ್ ಓದಲು ಹೋಗುತ್ತದೆ. ಕೆಲವು ಚಿಪ್ಪುಗಳಲ್ಲಿ ಎಕ್ಸ್‌ಟರ್ನಲ್ ಅಬಾರ್ಟ್ ಬಂದು ಊಪ್ಸ್ ಮುದ್ರಣವಾಗುತ್ತದೆ, ಅದು ಪುಣ್ಯ. ಇನ್ನು ಕೆಲವು ಚಿಪ್ಪುಗಳಲ್ಲಿ ಬಸ್ಸು ಉತ್ತರಕ್ಕೆ ಕಾಯುತ್ತಾ ಸಿಪಿಯು ಅಲ್ಲೇ ಗಟ್ಟಿಯಾಗಿ ನಿಂತುಬಿಡುತ್ತದೆ. ಸೀರಿಯಲ್ ಕನ್ಸೋಲಿನಲ್ಲಿ ಒಂದಕ್ಷರವೂ ಬರುವುದಿಲ್ಲ. ಪ್ರೋಬ್‌ನ ನಡುವೆ ಎರರ್ ಆಗಿ, ಗೋಟು ಲೇಬಲಿನಲ್ಲಿ ಕ್ಲಾಕ್ ಆಫ್ ಮಾಡಿ ರಿಟರ್ನ್ ಆದಾಗಲೂ ಇದೇ ಸಂದು ತೆರೆದುಕೊಳ್ಳುತ್ತದೆ.

ಆ ಸಂದು ಮೈಕ್ರೋಸೆಕೆಂಡುಗಳಷ್ಟು ಸಣ್ಣದು. ನೂರು ಸಲ ಅನ್‌ಬೈಂಡ್ ಮಾಡಿದರೂ ಮೇಜಿನ ಮೇಲೆ ಏನೂ ಆಗದಿರಬಹುದು. ಬೇಕೆಂದೇ ತೋರಿಸಬೇಕೆಂದರೆ ರಿಮೂವ್‌ನ ಕೊನೆಯ ಸಾಲಾಗಿ ಎಂಸ್ಲೀಪ್ 5000 ಹಾಕಿ, ಬ್ಲಾಕಿನ ಟೈಮ್‌ಔಟನ್ನು 30ರಿಂದ 1 ಸೆಕೆಂಡಿಗೆ ಇಳಿಸಿ. ಆ ಐದು ಸೆಕೆಂಡಿನಲ್ಲಿ ಸಣ್ಣ ಆಯಸ್ಕಾಂತವೊಂದನ್ನು ರೀಡ್ ಸ್ವಿಚ್ಚಿನ ಹತ್ತಿರ ತಂದು ದೂರ ಒಯ್ಯಿರಿ. ಕ್ಲಾಕ್ ನಿಂತ ಮೇಲೆ ನಿಮ್ಮ ಬ್ಲಾಕ್ ಇಂಟರಪ್ಟ್ ಎತ್ತಲಾರದು ಎನ್ನುವುದಾದರೆ ಮಾಸ್ಕ್ ತೆರೆದಿಟ್ಟು, ಇಂಟರಪ್ಟ್ ಎದ್ದ ಸ್ಥಿತಿಯಲ್ಲೇ ರಿಮೂವ್‌ಗೆ ಹೋಗಿ. ಹಂಚಿಕೊಂಡ ಇಂಟರಪ್ಟ್ ಲೈನಾದರೆ ಇನ್ನೂ ಸುಲಭ: ಪಕ್ಕದ ಸಾಧನದ ಇಂಟರಪ್ಟೇ ನಿಮ್ಮ ಹ್ಯಾಂಡ್ಲರನ್ನೂ ಎಬ್ಬಿಸುತ್ತದೆ. ಕಾನ್ಫಿಗ್_ಡೀಬಗ್_ಎಸ್‌ಎಚ್‌ಐಆರ್‌ಕ್ಯೂ ಆನ್ ಮಾಡಿದರೆ, ಹಂಚಿಕೊಂಡ ಇಂಟರಪ್ಟ್ ಬಿಡುವಾಗ ಕರ್ನಲ್ ಬೇಕೆಂದೇ ಒಂದು ಸಲ ಹ್ಯಾಂಡ್ಲರ್ ಕರೆಯುತ್ತದೆ. ಇಂಥ ದೋಷ ಹಿಡಿಯಲೆಂದೇ ಅದು ಇರುವುದು.

ಪರಿಹಾರ ಮೂರು. ಎಲ್ಲವನ್ನೂ ಡೆವ್‌ಎಂ ಮಾಡುವುದು, ಇದು ಉತ್ತಮ. ಕ್ಲಾಕಿಗೆ ರೆಡಿಮೇಡ್ ಸಿಗದಿದ್ದರೆ ಅದರ ಆಫ್ ಕೆಲಸವನ್ನು ಆ್ಯಕ್ಷನ್ ಆಗಿ ಪಟ್ಟಿಗೆ ಸೇರಿಸುವುದು. ಎರಡೂ ಆಗದಿದ್ದರೆ, ಕೈಯಿಂದ ಮಾಡಿದ ಮೊದಲ ಸಾಲಿನಿಂದ ಕೆಳಗೆ ಪ್ರೋಬ್‌ನಲ್ಲಿ ಒಂದೂ ಡೆವ್‌ಎಂ ಬಾರದಂತೆ ನೋಡಿಕೊಳ್ಳುವುದು. ಮೇಲೆ ಡೆವ್‌ಎಂ, ಕೆಳಗೆ ಕೈಯಿಂದ ಎಂದರೆ ತೊಂದರೆಯಿಲ್ಲ, ಏಕೆಂದರೆ ಬಿಡಿಸುವಾಗ ಕೈಯಿಂದ ಮಾಡಿದ್ದು ಮೊದಲು ಹೋಗುತ್ತದೆ. ಉಲ್ಟಾ ಇರುವ ಡ್ರೈವರ್ ಕಂಡರೆ ಮುಂದೆ ಓದುವ ಅಗತ್ಯವೇ ಇಲ್ಲ, ತಪ್ಪು ಅಲ್ಲೇ ಇದೆ.

ಎಲ್ಲವೂ ಡೆವ್‌ಎಂ ಆದ ಮೇಲೆ ರಿಮೂವ್ ಖಾಲಿಯಾಗುತ್ತದೆ. ಖಾಲಿ ಫಂಕ್ಷನ್ ಇಟ್ಟುಕೊಳ್ಳಬೇಡಿ, ಅಳಿಸಿ.

ಡೆವ್‌ಎಂ ಕೈಗೆ ಸಿಗದ ಜಾಗಗಳು

ರೀಬೂಟ್ ಬಗ್ಗೆ ಮೇಲೆ ಹೇಳಿದೆ. ಶಟ್‌ಡೌನ್ ಕಾಲ್‌ಬ್ಯಾಕ್‌ನಲ್ಲಿ ಜಲ_ನಿಲ್ಲಿಸು ಅನ್ನೇ ಕರೆಯಿರಿ. ಎರಡು ಸಲ ಓಡಿದರೂ ಕೆಡದ ಹಾಗೆ ಅದು ಇರಬೇಕು. ಕರ್ನಲ್ ಪ್ಯಾನಿಕ್ ಆದರೆ ಅದೂ ಓಡದಿರಬಹುದು. ಆ ಹೊತ್ತಿಗೆ ಪಿನ್ನಿನ ಮೇಲೆ ರೆಸಿಸ್ಟರ್ ಹಾಕಿ, ಚಿಪ್ಪು ರೀಸೆಟ್ ಆದಾಗ ರಿಲೇ ತಾನೇ ಬೀಳುವಂತೆ ಮಾಡುವುದು ಮತ್ತು ವಾಚ್‌ಡಾಗ್ ಇಡುವುದು ಹಾರ್ಡ್‌ವೇರಿನವರ ಕೆಲಸ.

ಓಪನ್ ಫಂಕ್ಷನ್‌ನೊಳಗೆ ಡೆವ್‌ಎಂ_ಕೆಝಲಾಕ್ ಕರೆಯಬೇಡಿ. ಫೈಲು ಮುಚ್ಚಿದರೂ ಆ ಮೆಮರಿ ಹೋಗುವುದಿಲ್ಲ, ಡ್ರೈವರ್ ಇಳಿಯುವತನಕ ಪಟ್ಟಿಯಲ್ಲೇ ಕೂತಿರುತ್ತದೆ. ಹತ್ತು ಸೆಕೆಂಡಿಗೊಮ್ಮೆ ಫೈಲು ತೆರೆದು ಓದುವ ಲಾಗರ್ ಇದ್ದರೆ ತಿಂಗಳುಗಟ್ಟಲೆ ಓಡುವ ಬೋರ್ಡಿನಲ್ಲಿ ಮೆಮರಿ ನಿಧಾನವಾಗಿ ಕರಗುತ್ತದೆ. ಇದು ಸೋರಿಕೆಯೇ, ಆದರೆ ಪಟ್ಟಿಯಲ್ಲಿ ಹಿಡಿತ ಇರುವುದರಿಂದ ಕರ್ನಲಿನಲ್ಲಿ ಸೋರಿಕೆ ಹುಡುಕುವ ಕೆಮೆಮ್‌ಲೀಕ್‌ಗೆ ಕಾಣುವುದಿಲ್ಲ.

ನೀವೇ ಕ್ಯಾರೆಕ್ಟರ್ ಡಿವೈಸ್ ಮಾಡಿದರೆ ತೊಡಕು ಇನ್ನೊಂದು ಬಗೆಯದು. ಡೀಮನ್ ಒಂದು ಫೈಲು ತೆರೆದು ಕೂತಿದೆ, ಅಷ್ಟರಲ್ಲಿ ಅನ್‌ಬೈಂಡ್ ಆಯಿತು. ಡೆವ್‌ಎಂ ಮೆಮರಿ ಆಗಲೇ ಹೋಯಿತು, ಡೀಮನ್ ಕೈಯಲ್ಲಿ ಫೈಲು ಇನ್ನೂ ಇದೆ. ಅದು ಮುಂದಿನ ಸಲ ಓದಿದಾಗ ನಿಮ್ಮ ರೀಡ್ ಫಂಕ್ಷನ್ ಬಿಟ್ಟುಕೊಟ್ಟ ಮೆಮರಿಯನ್ನು ಮುಟ್ಟುತ್ತದೆ. ಕರ್ನಲ್ ಡೆವಲಪರ್ ಲಾರೆಂಟ್ ಪಿನ್‌ಶಾರ್ 2022ರ ಲಿನಕ್ಸ್ ಪ್ಲಂಬರ್ಸ್ ಸಮ್ಮೇಳನದಲ್ಲಿ ಡೆವ್‌ಎಂ_ಕೆಝಲಾಕ್ ಮೇಲೆ ಹರಿಹಾಯ್ದದ್ದು ಈ ಕಾರಣಕ್ಕೇ. ಅಂಥ ಸ್ಟ್ರಕ್ಟಿಗೆ ಸಾದಾ ಕೆಝಲಾಕ್ ಬಳಸಿ, ಎಷ್ಟು ಜನ ಹಿಡಿದಿದ್ದಾರೆ ಎಂದು ಕೆರೆಫ್‌ನಿಂದ ಎಣಿಕೆ ಇಟ್ಟು, ಕೊನೆಯವರು ಬಿಟ್ಟಾಗ ಕೆಫ್ರೀ ಮಾಡಿ. ಅದಕ್ಕಿಂತ ಜಾಣತನ ಎಂದರೆ ಕ್ಯಾರೆಕ್ಟರ್ ಡಿವೈಸನ್ನೇ ಮಾಡದೆ ಕರ್ನಲಿನಲ್ಲಿ ಮೊದಲೇ ಇರುವ ಸಿಸ್‌ಎಫ್‌ಎಸ್, ಎಚ್‌ಡಬ್ಲ್ಯೂಮಾನ್, ಐಐಒ ಇವುಗಳಲ್ಲಿ ಹೊಂದುವುದನ್ನು ಹಿಡಿಯುವುದು. ನೀರಿನ ಮೀಟರಿಗೆ ಅಷ್ಟು ಸಾಕು.

ಯಾವ ಡಿವೈಸ್ ಪಾಯಿಂಟರ್ ಕೊಡುತ್ತೀರಿ ಎಂಬುದೂ ಮುಖ್ಯ. ಪ್ರೋಬ್‌ಗೆ ಬಂದ ಡಿವೈಸೇ ಆಗಬೇಕು. ನೀವು ಒಳಗೆ ಹುಟ್ಟಿಸಿದ ಮಗು ಡಿವೈಸನ್ನು ಕೊಟ್ಟರೆ ಅದಕ್ಕೆ ಡ್ರೈವರ್ ಅಂಟಿಕೊಂಡಿರುವುದಿಲ್ಲ, ಹಾಗಾಗಿ ಬಿಡುಗಡೆಯ ಹೊತ್ತು ನೀವು ಎಣಿಸಿದ್ದಾಗಿರುವುದಿಲ್ಲ. ಇನ್ನೂ ಪ್ರೋಬ್ ಆಗದ ಡಿವೈಸಿಗೆ ಹೊರಗಿನಿಂದ ಡೆವ್‌ಎಂ ಅಂಟಿಸಿದ್ದರೆ ಡ್ರೈವರ್ ಕೋರ್ ಪ್ರೋಬ್‌ಗೆ ಮುಂಚೆಯೇ ಪಟ್ಟಿ ಖಾಲಿಯಿಲ್ಲ ಎಂದು ಬೈದು, ಪ್ರೋಬ್ ಮಾಡಲು ಒಪ್ಪುವುದಿಲ್ಲ.

ಮತ್ತೆ, ಡೆವ್‌ಎಂ_ಕೆಝಲಾಕ್‌ನಿಂದ ಬಂದದ್ದಕ್ಕೆ ಕೆಫ್ರೀ ಕರೆಯಬೇಡಿ. ನಿಮ್ಮ ಪಾಯಿಂಟರ್ ಹೆಡರಿನ ಆಚೆಯಿಂದ ಶುರುವಾಗುತ್ತದೆ, ಸ್ಲ್ಯಾಬ್ ಕೆಡುತ್ತದೆ, ಇಳಿಯುವಾಗ ಎರಡನೇ ಸಲ ಬಿಡುಗಡೆಯೂ ಆಗುತ್ತದೆ. ನಡುವೆಯೇ ಬಿಡಲೇಬೇಕು ಎಂದರೆ ಡೆವ್‌ಎಂ_ಕೆಫ್ರೀ ಇದೆ. ಆದರೆ ಅದನ್ನು ಮತ್ತೆ ಮತ್ತೆ ಕರೆಯಬೇಕಾಗಿ ಬಂದಿದೆ ಎಂದರೆ ಆ ಮೆಮರಿ ಡೆವ್‌ಎಂ ಆಗಬೇಕಾದದ್ದೇ ಅಲ್ಲ.

ಪರೀಕ್ಷೆ

ಕಾಯಿಲ್ ವೈರು ಬಿಚ್ಚಿ, ಬಲ್ಬು ಹಾಕಿಟ್ಟುಕೊಂಡೇ ಶುರುಮಾಡಿ. ಟೆಸ್ಟ್ ಕರ್ನಲ್ಲಿನಲ್ಲಿ ಕಾಸಾನ್ (ಮೆಮರಿಯ ತಪ್ಪು ಬಳಕೆ ಹಿಡಿಯುವ ಸಾಧನ) ಆನ್ ಇರಲಿ, ಡೀಬಗ್_ಡೆವ್‌ರೆಸ್ ಆನ್ ಇರಲಿ. ಎರಡನೆಯದು ಇದ್ದರೆ /ಸಿಸ್/ಮಾಡ್ಯೂಲ್/ಡೆವ್‌ರೆಸ್/ಪ್ಯಾರಾಮೀಟರ್ಸ್/ಲಾಗ್ ಫೈಲಿಗೆ 1 ಬರೆಯಿರಿ. ಪಟ್ಟಿಗೆ ಸೇರಿದ್ದೆಲ್ಲ ಆ್ಯಡ್ ಎಂದೂ ಹೋದದ್ದೆಲ್ಲ ಆರ್‌ಇಎಲ್ ಎಂದೂ ಹೆಸರು, ಬೈಟುಗಳ ಸಮೇತ ಕರ್ನಲ್ ಲಾಗಿನಲ್ಲಿ ಬರುತ್ತದೆ. ಒಮ್ಮೆ ಬೈಂಡ್, ಒಮ್ಮೆ ಅನ್‌ಬೈಂಡ್ ಮಾಡಿ, ಆರ್‌ಇಎಲ್ ಸಾಲುಗಳನ್ನು ನಿಮ್ಮ ಕಾಗದದ ಪಟ್ಟಿಯ ಪಕ್ಕ ಇಟ್ಟು ಓದಿ.

ಬಲ್ಬು ಉರಿಯುತ್ತಿರುವಾಗಲೇ ಡಿವೈಸಿನ ಹೆಸರನ್ನು /ಸಿಸ್/ಬಸ್/ಪ್ಲಾಟ್‌ಫಾರ್ಮ್/ಡ್ರೈವರ್ಸ್/ಜಲ (ಜಲ ನಮ್ಮ ಡ್ರೈವರಿನ ಹೆಸರು) ಒಳಗಿನ ಅನ್‌ಬೈಂಡ್ ಫೈಲಿಗೆ ಬರೆಯಿರಿ. ಬಲ್ಬು ಆರಬೇಕು. ಬೈಂಡ್ ಫೈಲಿಗೆ ಬರೆದಾಗ ಡ್ರೈವರ್ ಮರಳಿ ಬರಬೇಕು, ಬಲ್ಬು ಹತ್ತಬಾರದು. ಇದನ್ನೇ ಶೆಲ್ ಲೂಪಿನಲ್ಲಿ 500 ಸಲ ಓಡಿಸಿ, ಲೂಪಿಗೆ ಮುಂಚೆಯೂ ಆಮೇಲೂ ಮೂರು ಫೈಲು ಹೋಲಿಸಿ: /ಪ್ರಾಕ್/ಇಂಟರಪ್ಟ್ಸ್, ಡೀಬಗ್‌ಎಫ್‌ಎಸ್‌ನ ಜಿಪಿಐಒ, ಅಲ್ಲೇ ಕ್ಲಾಕ್‌ಗಳ ಫೋಲ್ಡರಿನಲ್ಲಿರುವ ಸಿಎಲ್‌ಕೆ_ಸಮ್ಮರಿ. ಡ್ರೈವರ್ ಇಳಿದಾಗ ಕ್ಲಾಕಿನ ಎನೇಬಲ್ ಎಣಿಕೆ ಮೊದಲಿನ ಸಂಖ್ಯೆಗೇ ಬರಬೇಕು. ಬೂಟ್‌ನಲ್ಲೇ ಪ್ರತಿ ಡ್ರೈವರನ್ನೂ ಹತ್ತಿಸಿ, ಇಳಿಸಿ, ಮತ್ತೆ ಹತ್ತಿಸುವ ಕಾನ್ಫಿಗ್_ಡೀಬಗ್_ಟೆಸ್ಟ್_ಡ್ರೈವರ್_ರಿಮೂವ್ ಕೂಡ ಒಮ್ಮೆ ಆನ್ ಮಾಡಿ ನೋಡಿ. ಬೇರೆಯವರ ಡ್ರೈವರುಗಳೂ ಅದರಲ್ಲಿ ಬಿದ್ದು ಒದ್ದಾಡಬಹುದು, ಗಾಬರಿಯಾಗಬೇಡಿ.

ಎರರ್ ದಾರಿಗಳಿಗೆ ಒರಟು ಉಪಾಯವೇ ಸಾಕು: ಪ್ರೋಬ್‌ನ ಪ್ರತಿ ಹೆಜ್ಜೆಯ ನಂತರ ತಾತ್ಕಾಲಿಕವಾಗಿ ಒಂದು ಎರರ್ ರಿಟರ್ನ್ ಹಾಕಿ, ಬಿಲ್ಡ್ ಮಾಡಿ, ಲೋಡ್ ಮಾಡಿ, ಕಾಸಾನ್ ಸುಮ್ಮನಿದೆಯೇ ನೋಡಿ.

ವೆಂಡರ್ ಕೊಟ್ಟ ಹಳೆಯ ಕರ್ನಲ್ ಮೇಲೆ ಕೆಲಸ ಮಾಡುವವರಿಗೆ ಇಲ್ಲಿನ ಕೆಲವು ಫಂಕ್ಷನ್ ಸಿಗುವುದಿಲ್ಲ. ಡೆವ್‌ಎಂ_ಪ್ಲಾಟ್‌ಫಾರ್ಮ್_ಐಒರೀಮ್ಯಾಪ್_ರಿಸೋರ್ಸ್ ಬಂದದ್ದು 2019ರ 5.1ರಲ್ಲಿ. ಅದಕ್ಕಿಂತ ಹಿಂದಿನದಾದರೆ ಪ್ಲಾಟ್‌ಫಾರ್ಮ್_ಗೆಟ್_ರಿಸೋರ್ಸ್ ಮತ್ತು ಡೆವ್‌ಎಂ_ಐಒರೀಮ್ಯಾಪ್_ರಿಸೋರ್ಸ್ ಎಂದು ಎರಡು ಸಾಲಾಗುತ್ತದೆ. ಎನೇಬಲ್ಡ್ ಬಗೆಯ ಕ್ಲಾಕ್ ಫಂಕ್ಷನ್ ಅದಕ್ಕೂ ಈಚಿನದು. ಇಂಕ್ಲೂಡ್ ಫೋಲ್ಡರಿನಲ್ಲಿ ಗ್ರೆಪ್ ಮಾಡಿ ನೋಡಿ. ಇಲ್ಲದಿದ್ದರೆ ಡೆವ್‌ಎಂ_ಸಿಎಲ್‌ಕೆ_ಗೆಟ್, ಸಿಎಲ್‌ಕೆ_ಪ್ರಿಪೇರ್_ಎನೇಬಲ್, ಅದರ ಬೆನ್ನಿಗೇ ಆಫ್ ಮಾಡುವ ಆ್ಯಕ್ಷನ್, ಈ ಮೂರನ್ನೂ ನಡುವೆ ಬೇರೇನೂ ಬಾರದಂತೆ ಒಟ್ಟಿಗೆ ಬರೆಯಿರಿ. ವರ್ಕ್ ರದ್ದು ಮಾಡುವುದಕ್ಕೂ ಹಾಗೆಯೇ: ಇನಿಟ್_ಡಿಲೇಡ್_ವರ್ಕ್ ಆದ ಮುಂದಿನ ಸಾಲಿನಲ್ಲೇ, ಕ್ಯಾನ್ಸಲ್_ಡಿಲೇಡ್_ವರ್ಕ್_ಸಿಂಕ್ ಕರೆಯುವ ಆ್ಯಕ್ಷನ್ ಸೇರಿಸಿ, ಆಮೇಲೆ ಇಂಟರಪ್ಟ್ ಕೇಳಿ.